ಪಕ್ಕದಲ್ಲಿ ನಿಲ್ಲುವ ಕೆಲಸ

ಒಹಾಯೊದ ಆ ಊರಿನ ಕೋರ್ಟಿನಲ್ಲಿ ಆರ್ವಿಲ್ ಟ್ಯಾಕೆಟ್‌ಗೆ ಇದ್ದದ್ದು ಒಂದೇ ಕೆಲಸ: ಪಕ್ಕದಲ್ಲಿ ನಿಲ್ಲುವುದು. ಅವನು ವಕೀಲನೂ ಅಲ್ಲ, ಪೊಲೀಸೂ ಅಲ್ಲ. ವಿಯೆಟ್ನಾಂ ಯುದ್ಧ ಮುಗಿಸಿ ಬಂದು, ಆಮೇಲೆ ಸಿಟಿ ಬಸ್ಸುಗಳ ಬ್ರೇಕು ಬಿಚ್ಚಿ ಕೂರಿಸಿ ನಿವೃತ್ತನಾದ ಎಪ್ಪತ್ತಮೂರು ವರ್ಷದ ಮೆರೀನ್, ಆರ್ಮಿಯವರನ್ನು ಗೇಲಿ ಮಾಡದೆ ಬಿಡದ ಪಡೆಯವನು. ಅಲ್ಲಿ ಮಂಗಳವಾರ ಮಾಜಿ ಸೈನಿಕರ ಮೊಕದ್ದಮೆಗಳು. ಕಟಕಟೆ ಹತ್ತಿದ ಪ್ರತಿಯೊಬ್ಬನಿಗೂ ಒಬ್ಬ ಹಳೆಯ ಸೈನಿಕ ಜೊತೆಗಾರ. ಸಂಬಳವಿಲ್ಲ, ಬಾಯಿ ಹಾಕುವಂತಿಲ್ಲ.

ಅವನ ಪಾಲಿಗೆ ಬಂದವನು ಆರ್ಮಿಯ ಕೋಲ್ಬಿ ಮೆರಿಕ್. ಅಫ್ಘಾನಿಸ್ತಾನದಿಂದ ಮರಳಿ, ಕುಡಿದು, ಬಾರಿನಲ್ಲಿ ಒಬ್ಬನ ದವಡೆ ಮುರಿದಿದ್ದ. ಒಂದೂವರೆ ವರ್ಷ ಕುಡಿಯದೆ, ಕರೆದಾಗಲೆಲ್ಲ ಮೂತ್ರಪರೀಕ್ಷೆಗೆ ಬಂದರೆ ಬಿಡುಗಡೆ. ತಪ್ಪಿಸಿದರೆ ಎರಡು ವರ್ಷ ಜೈಲು. ಹನ್ನೊಂದು ತಿಂಗಳು ಬಂದವನು ಹೋದ ಶುಕ್ರವಾರ ಬಂದಿರಲಿಲ್ಲ.

"ಯಾಕೆ ಬರಲಿಲ್ಲ?" ನ್ಯಾಯಾಧೀಶೆ ಹ್ಯಾನ್ಲನ್ ಕೇಳಿದರು.

"ಯಾವ ನೆಪವೂ ಇಲ್ಲ, ಮೇಡಂ."

"ಕುಡಿದಿದ್ರಾ?"

"ಯಾವ ನೆಪವೂ ಇಲ್ಲ, ಮೇಡಂ."

ವಕೀಲ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವನಿಗೂ ಕೋಲ್ಬಿ ಏನೂ ಹೇಳಿರಲಿಲ್ಲ. ನ್ಯಾಯಾಧೀಶೆ ಪೆನ್ನು ಎತ್ತಿಕೊಂಡರು. ಆರ್ವಿಲ್ ಮಾತ್ರ ಕೋಲ್ಬಿಯ ಕಾಲು ನೋಡುತ್ತಿದ್ದ. ಹಿಮ್ಮಡಿ ಎರಡೂ ಅಂಟಿಕೊಂಡಿದ್ದವು. ಗಲ್ಲ ಮೇಲಕ್ಕೆ, ಕಣ್ಣು ಗೋಡೆಯ ಮೇಲೆ. ಇವನು ಕೋರ್ಟಿನಲ್ಲಿಲ್ಲ, ತರಬೇತಿ ಮೈದಾನದಲ್ಲಿದ್ದಾನೆ. ಅಲ್ಲಿ ಸಾರ್ಜೆಂಟ್ ಯಾಕೆಂದು ಕೇಳಿದರೆ ಇರುವುದು ಇದೊಂದೇ ಉತ್ತರ. ಕೊಲ್ಲುವುದನ್ನು ಕೆಲವೇ ವಾರಗಳಲ್ಲಿ ಕಲಿಸುವ ಸರ್ಕಾರ, ಮನೆಗೆ ಕಳಿಸುವಾಗ ಬಾಯಿಬಿಡುವುದನ್ನು ಕಲಿಸುವುದಿಲ್ಲ.

ಈ ಕೆಲಸ ಹಿಡಿದ ಒಂಬತ್ತು ವರ್ಷದಲ್ಲಿ ಮೊದಲ ಸಲ ಆರ್ವಿಲ್ ಕೈಯೆತ್ತಿದ. "ಮೇಡಂ, ಹತ್ತು ನಿಮಿಷ ಕೊಡಿ. ಮುದುಕ ನಾನು, ಬಾತ್‌ರೂಮಿಗೆ ಹೋಗ್ಬೇಕು. ಇವನು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾನೆ."

ಹ್ಯಾನ್ಲನ್ ಅವನನ್ನೇ ದಿಟ್ಟಿಸಿ, ಪೆನ್ನು ಕೆಳಗಿಟ್ಟರು.

ಹೊರಗೆ ಬಂದದ್ದೇ ಆರ್ವಿಲ್ ಅವನನ್ನು ಬೆಂಚಿನ ಮೇಲೆ ದೂಡಿ ಕೂರಿಸಿದ. "ಆರ್ಮಿಯೋರ ತಲೆ ಟೊಳ್ಳು ಅಂತ ಗೊತ್ತಿತ್ತು, ಇಷ್ಟೊಂದು ಅಂತ ಗೊತ್ತಿರ್ಲಿಲ್ಲ. ಕುಡಿದ್ಯಾ?"

"ಇಲ್ಲ ತಾತ."

"ಮತ್ತೆ?"

"ಮಾರ್ಕೆಸ್ ಫೋನ್ ಮಾಡ್ದ. ಅಫ್ಘಾನಿಸ್ತಾನದಲ್ಲಿ ನನ್ ಜೊತೆ ಇದ್ದೋನು. ಅಡುಗೆಮನೆ ಟೇಬಲ್ ಮೇಲೆ ಪಿಸ್ತೂಲು ಇಟ್ಕೊಂಡು ಕೂತಿದ್ದ. ಅರವತ್ತು ಮೈಲಿ ಓಡಿಸ್ಕೊಂಡು ಹೋದೆ. ಸಂಜೆವರೆಗೂ ಮಾತಾಡಿಸಿ ಆಸ್ಪತ್ರೆಗೆ ಸೇರಿಸ್ದೆ."

"ಅದನ್ನ ಹೇಳೋಕೇನು ದಾಡಿ?"

"ಅವನ ಕಷ್ಟದ ಹಿಂದೆ ಅಡಗಿ ಕೂತ್ಕೊಳ್ಳಲಾ? ನಾಚ್ಕೆಗೇಡು."

ಆರ್ವಿಲ್ ಪಕ್ಕದಲ್ಲಿ ಕುಳಿತ. "ಎಪ್ಪತ್ತೊಂದನೇ ಇಸವೀಲಿ, ವಿಯೆಟ್ನಾಂನಿಂದ ಬಂದ ಹೊಸದ್ರಲ್ಲಿ, ಒಬ್ಬ ಪೊಲೀಸಿಗೆ ಬಾರಿಸಿದ್ದೆ. ಆರು ದಿನದಿಂದ ನಿದ್ದೆ ಇರ್ಲಿಲ್ಲ, ಅವನು ಹಿಂದಿನಿಂದ ಬಂದು ಹೆಗಲು ಮುಟ್ಟಿದ. ಜಡ್ಜ್ ಕೇಳಿದಾಗ ನಿನ್ ಥರಾನೇ ಎದೆ ಸೆಟೆಸಿ 'ನೆಪ ಇಲ್ಲ ಸರ್' ಅಂದೆ. ನಾಲ್ಕು ವರ್ಷ ಕೊಟ್ಟ. ನಮ್ಮಮ್ಮ ಹಿಂದಿನ ಬೆಂಚಲ್ಲಿದ್ಲು. ಪಕ್ಕದಲ್ಲಿ ಒಬ್ಬ ನನ್ಮಗನೂ ಇರ್ಲಿಲ್ಲ ಕಣೋ, 'ಲೇ ಗೂಬೆ, ನಡೆದದ್ದು ಹೇಳು' ಅನ್ನೋಕೆ. ಈಗ ಹೇಳ್ತಿದೀನಿ. ಮಾರ್ಕೆಸ್ ಬದುಕಿದಾನೆ. ಅದು ನೆಪ ಅಲ್ಲ. ಏಳು."

ಒಳಗೆ ಹೋಗಿ ಕೋಲ್ಬಿ ತೊದಲುತ್ತ, ಗೆಳೆಯನ ಹೆಸರೆತ್ತದೆ, ಎಲ್ಲ ಹೇಳಿದ. ವಕೀಲ ಆಸ್ಪತ್ರೆಗೆ ಫೋನು ಹಚ್ಚಿದ. ಹೆಸರು ಕೇಳದೆ, ಮೆರಿಕ್ ಎಂಬವನು ಶುಕ್ರವಾರ ಸಂಜೆ ಒಬ್ಬ ರೋಗಿಯನ್ನು ಕರೆತಂದದ್ದಷ್ಟನ್ನು ಖಚಿತಪಡಿಸಿಕೊಂಡ. ಹ್ಯಾನ್ಲನ್ ಜೈಲಿನ ಮಾತೆತ್ತಲಿಲ್ಲ. ಅವತ್ತೇ ಪರೀಕ್ಷೆ, ಫೋನ್ ಮಾಡಿ ತಿಳಿಸದಿದ್ದಕ್ಕೆ ಎರಡು ಶನಿವಾರ ಪಾರ್ಕಿನ ಕಸ ಹೆಕ್ಕುವ ಶಿಕ್ಷೆ. "ಇನ್ನೊಂದ್ಸಲ ಹೀಗಾದ್ರೆ ಮೊದಲು ಅವನ ಹತ್ರ ಹೋಗಿ, ದಾರಿಯಲ್ಲಿ ನಮಗೂ ಒಂದು ಮಾತು ಹೇಳಿ," ಎಂದರು.

ಮಧ್ಯಾಹ್ನ ಎಂದಿನ ಹೋಟೆಲಿನಲ್ಲಿ ಹುರುಳಿಕಾಯಿ ಬೀಜದ ಸೂಪು, ಮೆಕ್ಕೆಜೋಳದ ಬ್ರೆಡ್ಡು. ಎಂದಿನಂತೆ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನತ್ತ ಮುಖ ಮಾಡಿ ಒಂದೇ ಬದಿಗೆ ಕುಳಿತರು. ಆರ್ವಿಲ್ ತನ್ನ ಸೂಪಿಗೆ ಮೂರನೇ ಸಲ ಉಪ್ಪು ಹಾಕಿದ.

"ಏನ್ ತಾತ, ಮೆರೀನ್‌ಗೂ ಗಾಬರಿಯಾ?"

"ಬಾಯ್ಮುಚ್ಕೊಂಡು ತಿನ್ನು."

ಥ್ಯಾಂಕ್ಸ್ ಎಂದರೆ ಮುದುಕ ಎದ್ದು ಹೋಗುತ್ತಾನೆಂದು ಕೋಲ್ಬಿಗೆ ಗೊತ್ತಿತ್ತು. ತನ್ನ ಬ್ರೆಡ್ಡನ್ನು ಮುರಿದು, ಬೆಣ್ಣೆ ಹೆಚ್ಚಿಗೆ ಬಿದ್ದ ತುಂಡನ್ನು ಅವನ ತಟ್ಟೆಗಿಟ್ಟ. ಆರ್ವಿಲ್ ಬೇಡವೆನ್ನಲಿಲ್ಲ.