ಬೂದು ಕೋಟಿನ ತೋಳು

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ರಫೂ ಅಕ್ಕ ಎಂದೇ ಕರೆಯುತ್ತಿದ್ದರು. ಹರಿದ ಬಟ್ಟೆಯ ಒಳ ಅಂಚಿನಿಂದಲೇ ಎಳೆ ಕಿತ್ತು, ಅದನ್ನೇ ಹೆಣೆದು, ತೂತಿದ್ದ ಜಾಗ ಯಾರಿಗೂ ಗೊತ್ತಾಗದಂತೆ ಮುಚ್ಚುವುದು ಅವಳ ಕಸುಬು. ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ದೊಡ್ಡ ಕಿಟಕಿಯ ಕೆಳಗೆ ಅವಳ ಮೇಜು. ಮಧ್ಯಾಹ್ನ ಅಲ್ಲಿಗೆ ಹೋದರೆ ಬಿಸಿಲಿನ ಕೋಲಿನಲ್ಲಿ ನೂಲಿನ ಧೂಳು ಮೆಲ್ಲಗೆ ತೇಲುತ್ತಿರುತ್ತಿತ್ತು. ಅವಳ ಬೆರಳುಗಳು ತಿಳಿನೀರಿನ ಮೀನುಗಳಂತೆ ಆಡುತ್ತಿದ್ದವು. ಬಟ್ಟೆ ಕೊಡಲು ಬಂದವರು ಬಂದ ಕೆಲಸ ಮರೆತು ನಿಂತುಬಿಡುತ್ತಿದ್ದರು.

“ರಸೀದಿ ಬರೀಲೋ, ಚಾಪೆ ಹಾಸ್ಲೋ?” ಎಂದು ಅವಳು ತಲೆ ಎತ್ತದೆ ಕೇಳುತ್ತಿದ್ದಳು.

ಒಂದು ಸಂಜೆ ಕೆಲಸ ಮುಗಿಸಿ ಇಳಿಯುವಾಗ ಮೆಟ್ಟಿಲಿನ ಕಂಬಿ ಅವಳ ಕೈಯಲ್ಲೇ ಮುರಿದು ಬಂತು. ಬಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಆದರೆ ಉಂಡೆಯಿಂದ ನೂಲು ಬಿಚ್ಚಿಕೊಳ್ಳುವ ಹಾಗೆ ತಾನು ನಿಧಾನವಾಗಿ ಕೆಳಗಿಳಿದೆನೆಂದೇ ಅವಳಿಗೆ ನೆನಪು. ಮುರಿದ ಕಬ್ಬಿಣದ ಮೊನೆ ಅವಳ ಬೂದು ಕೋಟಿನ ಬಲದೋಳನ್ನು ಸೀಳಿತ್ತು. ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ಸದ್ದು ಕೇಳಿ ಹೊರಗೆ ಬರುವ ಹೊತ್ತಿಗೆ ಅವಳು ಎದ್ದು ಬೀದಿಯಂಚಿನಲ್ಲಿ ಕುಳಿತಿದ್ದಳು.

“ಎಲ್ಲಿ ಪೆಟ್ಟಾಯ್ತಕ್ಕ?”

“ತೋಳಿಗೆ,” ಎಂದು ಅವಳು ಕೋಟನ್ನು ತೋರಿಸಿದಳು.

ಮಣಿಕಟ್ಟು ಉಳುಕಿರಬೇಕೆಂದುಕೊಂಡು ಅದಕ್ಕೊಂದು ಬಟ್ಟೆ ಸುತ್ತಿ, ಮನೆಗೆ ಬಂದವಳೇ ದೀಪದ ಪಕ್ಕ ಕುಳಿತು ಆ ತೋಳನ್ನು ರಫೂ ಮಾಡಿದಳು. ಹರಿದದ್ದನ್ನು ಹರಿದ ಹಾಗೆಯೇ ಬಿಟ್ಟು ಮಲಗುವುದು ಅವಳ ಜಾಯಮಾನವಲ್ಲ. ಬೆಳಗಾಗುವಷ್ಟರಲ್ಲಿ ಕೈ ಊದಿಕೊಂಡಿತ್ತು. ಮಣಿಕಟ್ಟಿನ ಮೂಳೆ ಬಿರಿದಿತ್ತು. ಆಸ್ಪತ್ರೆಯಲ್ಲಿ ಹಾಕಿದ ಪಟ್ಟಿ ಬಿಚ್ಚಿದ ಮೇಲೂ ಬೆರಳುಗಳು ಸೂಜಿಗೆ ಬಗ್ಗಲಿಲ್ಲ. ಬಹಳ ಕಾಲ ಕೈಗೆ ಚಿಕಿತ್ಸೆ ನಡೆಸಿದರೆ ಚಳಕ ಮರಳಬಹುದು, ಬಿಟ್ಟರೆ ಇಷ್ಟೇ ಎಂದರು ವೈದ್ಯರು. ಕಟ್ಟಡದ ಯಜಮಾನ ಪರಿಹಾರ ಕೊಟ್ಟರೆ ಮಾತ್ರ ಆ ಚಿಕಿತ್ಸೆ ಸಾಧ್ಯವಿತ್ತು.

ಯಜಮಾನ ಅಷ್ಟರಲ್ಲಿ ಹೊಸ ಕಂಬಿ ಹಾಕಿಸಿ, ಅದಕ್ಕೆ ಕಂದು ಬಣ್ಣ ಬಳಿಸಿಯಾಗಿತ್ತು. “ನಮ್ಮಲ್ಲಿ ಏನೂ ಮುರಿದಿಲ್ಲ. ಆಯಮ್ಮ ಬೀದೀಲಿ ಎಡವಿರಬೇಕು,” ಎಂದುಬಿಟ್ಟ. ಬೀಳುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಅಕ್ಕನ ಗಂಡ ತೀರಿಹೋದ ಮೇಲೂ ಅವನ ತಂಗಿ ಅವಳ ಜೊತೆಗೇ ಇದ್ದಳು. ಬಾಯಿ ಜೋರು, ಕರುಳು ಮೆತ್ತಗೆ. ಆ ನಾದಿನಿಯೇ ಅತ್ತಿಗೆಯನ್ನು ವಕೀಲೆಯೊಬ್ಬರ ಕಚೇರಿಗೆ ಎಳೆದುಕೊಂಡು ಹೋದಳು.

ವಕೀಲರಮ್ಮ ಆಸ್ಪತ್ರೆಯ ಕಾಗದಗಳನ್ನು ನೋಡಿದರು. “ಮೂಳೆ ಮುರಿದಿದೆ ಅಂತ ಇದು ಹೇಳತ್ತೆ. ಎಲ್ಲಿ ಬಿದ್ದಿರಿ ಅಂತ ಹೇಳಲ್ಲ. ಅವತ್ತು ಹಾಕ್ಕೊಂಡಿದ್ದ ಬಟ್ಟೆ ಇದೆಯಾಮ್ಮ? ಹೇಗಿದೆಯೋ ಹಾಗೇ ತಂದುಕೊಡಿ.”

ಅಕ್ಕ ಮೈಮೇಲಿದ್ದ ಕೋಟನ್ನೇ ತೆಗೆದು ಮೇಜಿನ ಮೇಲಿಟ್ಟಳು. ವಕೀಲರಮ್ಮ ಒಂದು ತೋಳು ನೋಡಿದರು, ಇನ್ನೊಂದು ತೋಳು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

“ಹರಿದದ್ದೆಲ್ಲಿ?”

“ಹುಡುಕಿ ಹುಡುಕಿ,” ಎಂದಳು ನಾದಿನಿ. “ಊರಲ್ಲಿ ಯಾರಿಗೂ ಸಿಕ್ಕಿಲ್ಲ. ನಮ್ಮತ್ತಿಗೆ ಮುರಿದ ಕೈಯಲ್ಲಿ ಮೊದಲು ಮಾಡಿದ ಕೆಲಸ ಅಂದ್ರೆ, ಇದ್ದ ಒಂದು ಸಾಕ್ಷೀನ ಮುಚ್ಚಿಹಾಕಿದ್ದು. ಆ ಯಜಮಾನ ಇವರಿಗೆ ಸಂಬಳ ಕೊಡ್ಬೇಕು.”

ವಕೀಲರಮ್ಮ ನಗು ತಡೆದುಕೊಂಡು ಕೇಳಿದರು: “ಇದನ್ನ ಬಿಚ್ಚೋಕಾಗತ್ತಾ?”

ಅಕ್ಕ ಕೋಟನ್ನು ಎತ್ತಿ ಎದೆಗವಚಿಕೊಂಡಳು. ಆ ಬೆರಳುಗಳು ಸೂಜಿಗೆ ಬಗ್ಗುತ್ತಿದ್ದಾಗ ಮಾಡಿದ ಕೊನೆಯ ಕೆಲಸ ಅದು. ಮುಂದಿನ ದಿನಗಳಲ್ಲಿ ಅವಳು ಮನೆಯ ಕಿಟಕಿಯ ಬಳಿ ಕುಳಿತು ಆ ತೋಳನ್ನು ಎಡಗೈಯಿಂದ ಸವರುತ್ತಿದ್ದಳು. ಕಣ್ಣು ಮುಚ್ಚಿದರೆ ಒಂದೇ ಕನಸು: ಊರೆಲ್ಲ ಒಂದು ಬೂದು ಬಟ್ಟೆ, ಬೀದಿಗಳೆಲ್ಲ ಅದರ ಹಾಸು ಹೊಕ್ಕು, ಅವಳು ಎಳೆಯಿಂದ ಎಳೆಗೆ ಹಗುರವಾಗಿ ನಡೆಯುತ್ತಿದ್ದಾಳೆ, ಅವಳು ದಾಟಿದ ತೂತುಗಳೆಲ್ಲ ಹಿಂದೆಯೇ ತಾವಾಗಿ ಮುಚ್ಚಿಕೊಳ್ಳುತ್ತಿವೆ. ಎಚ್ಚರವಾದಾಗ ಬಲಗೈ ಮಾತ್ರ ಮರದ ತುಂಡಿನಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು.

“ಇದೇ ಕೊನೇದು ಅಂತ ಜೋಪಾನ ಮಾಡಿದ್ರೆ ಇದೇ ಕೊನೇದಾಗತ್ತೆ ಅತ್ತಿಗೆ,” ಎಂದಳು ನಾದಿನಿ. ಆ ದಿನ ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ.

“ಹೂಂ ಕಣೇ. ಬಾ, ನೀನು ಬಟ್ಟೆ ಹಿಡ್ಕೊ,” ಎಂದಳು ಅಕ್ಕ.

ವಕೀಲರಮ್ಮನ ಎದುರಿನಲ್ಲೇ, ಅವರ ಕಚೇರಿಯ ಕಿಟಕಿಯ ಬೆಳಕಿನಲ್ಲಿ, ಅಕ್ಕ ಎಡಗೈಯಿಂದ ಒಂದೊಂದೇ ಎಳೆ ಬಿಚ್ಚತೊಡಗಿದಳು. ಅವರ ಸಹಾಯಕಿ ಫೋಟೋ ತೆಗೆಯುತ್ತಾ ಹೋದಳು. ಸೀಳು ಮೆಲ್ಲಗೆ ಬಾಯಿ ತೆರೆಯಿತು. ಬೇರೆಯವರು ರಫೂ ಮಾಡುವಾಗ ಹರಿದ ಎಳೆಗಳ ತುದಿಯನ್ನು ಕತ್ತರಿಸಿ ಎಸೆಯುತ್ತಾರೆ. ಅಕ್ಕನಿಗೆ ಕಸುಬು ಕಲಿಸಿದ ಅವಳ ತಾಯಿ, ಬಟ್ಟೆಯದ್ದು ಬಟ್ಟೆಯಲ್ಲೇ ಇರಲಿ ಎನ್ನುತ್ತಿದ್ದಳಂತೆ. ಹಾಗಾಗಿ ಅಕ್ಕ ತುದಿಗಳನ್ನು ಒಳಕ್ಕೆ ಮಡಚಿ, ಅದರ ಮೇಲೆ ಹೆಣೆಯುತ್ತಿದ್ದಳು. ಈಗ ಆ ತುದಿಗಳು ಹೊರಬಂದವು. ಉಣ್ಣೆಗೆ ಅಂಟಿಕೊಂಡು ತುಕ್ಕಿನ ಪುಡಿ, ಜೊತೆಗೆ ಹಸಿರು ಬಣ್ಣದ ಸಣ್ಣ ಸಣ್ಣ ಚಕ್ಕೆಗಳು.

“ಇದೇನಮ್ಮ?”

“ಕಸ ಅಂದ್ಕೊಂಡು ಒಳಗೆ ತಳ್ಳಿದ್ದೆ,” ಎಂದಳು ಅಕ್ಕ. ಆಮೇಲೆ ತಾನೇ ಮೆಲ್ಲಗೆ, “ಕಂಬಿ ಆಗ ಹಸಿರಿತ್ತು,” ಎಂದಳು.

ಈಗ ಕಂದಾಗಿರುವ ಕಂಬಿ ಆಗ ಹಸಿರಿತ್ತು ಎನ್ನಲು ಸಾಕ್ಷಿ ಬೇಕಲ್ಲ? ಗಡಿಯಾರ ರಿಪೇರಿಯವನನ್ನು ಕೇಳಿದಾಗ ಅವನು ಭೂತಗನ್ನಡಿಯನ್ನು ಹಣೆಗೇರಿಸಿ, “ತಾರಸಿಗೆ ಹೋಗೋ ಕೊನೇ ತಿರುವು ನೋಡಿ. ಅಲ್ಲಿಗೆ ಬರೋಷ್ಟರಲ್ಲಿ ಯಜಮಾನರ ಕೈ ಬಿಗಿಯಾಯ್ತು,” ಎಂದ. ವಕೀಲರಮ್ಮ ಹತ್ತಿ ಹೋಗಿ ನೋಡಿದರು. ಅಲ್ಲಿ ಉಳಿದಿದ್ದ ಹಳೆಯ ಕಂಬಿಗೆ ಅದೇ ಹಸಿರು, ಅದೇ ತುಕ್ಕು. ಪರೀಕ್ಷೆ ಮಾಡಿಸಿದಾಗ ಎರಡೂ ಒಂದೇ ಬಣ್ಣವೆಂದು ವರದಿ ಬಂತು. ಅದನ್ನು ಓದಿದ ಮೇಲೆ ಯಜಮಾನ ವಾದ ಬೆಳೆಸಲಿಲ್ಲ. ಚಿಕಿತ್ಸೆಯ ಹೊಣೆ ಹೊರಲು ಒಪ್ಪಿ ಸಹಿ ಹಾಕಿದ.

ಕೋಟು ಸೀಳಿದ ತೋಳಿನೊಂದಿಗೆ ಮನೆಗೆ ಮರಳಿತು. ಮೊನ್ನೆ ನಾನು ಹೋದಾಗ ಅಕ್ಕ ಎರಡನೆಯ ಮಹಡಿಯ ಅದೇ ಕಿಟಕಿಯ ಕೆಳಗೆ ಕುಳಿತು, ಬಲಗೈಯಲ್ಲಿ ಸೂಜಿ ಹಿಡಿದು ಅದೇ ತೋಳನ್ನು ಹೆಣೆಯುತ್ತಿದ್ದಳು. ಬೆರಳುಗಳು ಈಗಷ್ಟೇ ಬಗ್ಗತೊಡಗಿದ್ದವು. ಹೆಣೆದಷ್ಟು ಭಾಗ ಉಬ್ಬಿಕೊಂಡು, ದೂರದಿಂದಲೇ ಕಾಣುವಂತಿತ್ತು.

“ಕಾಣ್ತಿದೆ ಅತ್ತಿಗೆ,” ಎಂದಳು ನಾದಿನಿ.

“ಕಾಣ್ಲಿ ಬಿಡು,” ಎಂದು ಅಕ್ಕ ಮುಂದಿನ ಎಳೆಯನ್ನು ಬೆಳಕಿಗೆ ಹಿಡಿದಳು.