ಅವ್ವನಿಗೆ ಇಟ್ಟ ಎಡೆ

ಯುದ್ಧದ ಕಾಲ. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತರೆ ಕಿಟಕಿಗಳ ಕೆಳಗೆ ಹತ್ತಾರು ಪುಟ್ಟ ಕೈಗಳು ಏಳುತ್ತಿದ್ದವು. ಅಂಥ ಮಕ್ಕಳಿಗಾಗಿ ಮಂಡ್ಯದ ಕೆಲವು ದೊಡ್ಡ ಮನೆಯ ಹೆಂಗಸರು ಆಶ್ರಮವೊಂದನ್ನು ತೆರೆದು, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ದಾಖಲೆ ಬರೆಯಲು ಕರೆದರು. ನಿಯಮ ಒಂದೇ: ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಮಾತ್ರ ಜಾಗ. ತಾಯಿ ಇದ್ದೂ ಬೀದಿಗೆ ಬಿದ್ದವರು ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಹೆಂಗಸೊಬ್ಬಳು ಎಂಟು ವರ್ಷದ ಮಗಳನ್ನು ಕರೆತಂದಳು. ಗಂಡ ಸತ್ತಿದ್ದ, ತಾಯಿ ಮಗಳು ಮದ್ದೂರು ಸ್ಟೇಷನ್ನಿನಲ್ಲೇ ಮಲಗುತ್ತಿದ್ದರು. ನಿಯಮ ಹೇಳಿದೆ.

"ಅವ್ವನೂ ಸತ್ತೋದ್ಲು ಅಂತ ಬರ್ಕೊಳಿ ತಾಯಿ. ಮಗೀಗೆ ಒಟ್ಟೆಗೆ ಇಟ್ಟು ಸಿಕ್ತದೆ," ಎಂದಳು.

ಹಾಗೇ ಬರೆದೆ. ಯಾರು ಕೇಳಿದರೂ ಹಾಗೇ ಹೇಳೆಂದು ಹುಡುಗಿಗೂ ಕಲಿಸಿದೆ. ಪುಣ್ಯದ ಕೆಲಸ ಮಾಡಿದೆನೆಂದು ಬೀಗಿದೆ ಬೇರೆ.

ಹುಡುಗಿ ಮೈತುಂಬಿಕೊಂಡಳು. ತಾಯಿ ವಾರಕ್ಕೊಮ್ಮೆ ಬೇಲಿಯಾಚೆ ದಾರಿಹೋಕಳಂತೆ ನಿಂತು ಹೋಗುತ್ತಿದ್ದಳು. ಮಗಳು ತಿರುಗಿಯೂ ನೋಡುತ್ತಿರಲಿಲ್ಲ. ನೋಡಬಾರದೆಂದು ನಾನೇ ಗದರಿದ್ದೆ.

ಮಹಾಲಯ ಅಮಾವಾಸ್ಯೆ ಬಂತು. ಆಶ್ರಮದ ಅಧ್ಯಕ್ಷೆ ಒಳ್ಳೆಯ ಮನಸ್ಸಿನವರು. ಈ ಮಕ್ಕಳೂ ತೀರಿಹೋದ ಹೆತ್ತವರಿಗೆ ಎಡೆ ಇಡಲಿ ಎಂದು ಅನ್ನ, ಪಾಯಸ, ವಡೆ ಮಾಡಿಸಿದರು. ಪ್ರತಿ ಮಗುವಿನ ಮುಂದೆಯೂ ಒಂದು ಬಾಳೆಲೆ. ಹುಡುಗಿ ನನ್ನ ಮುಖ ನೋಡಿದಳು. ಬದುಕಿರುವ ತಾಯಿಗೆ ಸತ್ತವರ ಎಡೆ! ಬಡಿಸು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಬಡಿಸಿದಳು.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ತೆರೆದಾಗ ಆ ಹುಡುಗಿಯ ಎಲೆ ಇರಲಿಲ್ಲ, ಹುಡುಗಿಯೂ ಕಾಣಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು. ಬೇಲಿಯ ಬಳಿ ಮಗಳು ಎಲೆ ಹಿಡಿದು ನಿಂತಿದ್ದಳು, ತಾಯಿ ಗಬಗಬನೆ ತಿನ್ನುತ್ತಿದ್ದಳು.

"ಬಿಡಮ್ಮ ಅದನ್ನ. ಆ ಮಗು ಸತ್ತುಹೋದ ತಾಯಿಗೆ ಇಟ್ಟಿರೋ ಎಡೆ," ಎಂದರು ಅಧ್ಯಕ್ಷೆ.

ಅವಳು ತಲೆಯೆತ್ತಿದಳು. "ನಂಗೇ ಇಟ್ಟಿರಾದು ತಾಯಿ. ನಾನೇ ಉಣ್ತಾವ್ನಿ."

ಸುಳ್ಳು ಹೇಳಿ ಸೇರಿದವಳೆಂದು ಹುಡುಗಿಯನ್ನು ಅಂದೇ ಹೊರಗೆ ಹಾಕಿದರು. ಆಶ್ರಮದ ಲಂಗ ಬಿಚ್ಚಿಸಿ ಹಳೆಯ ಚಿಂದಿಯನ್ನೇ ಉಡಿಸಿದರು. ಆ ಸುಳ್ಳು ಬರೆದವಳು ನಾನು, ಕಲಿಸಿದವಳು ನಾನು ಎಂದು ನಾನು ಹೇಳಲಿಲ್ಲ. ಹೆದರಿದೆ, ಅಷ್ಟೇ. ಹುಡುಗಿಯೂ ನನ್ನತ್ತ ಬೆರಳು ತೋರಿಸಲಿಲ್ಲ. ಅವಳ ಹೆಸರಿನ ಮೇಲೆ ನಾನೇ ಗೀಟು ಎಳೆದೆ.

ಆಮೇಲೆ ಮನಸ್ಸು ತಡೆಯದೆ ಮದ್ದೂರು ಸ್ಟೇಷನ್ನಿನಲ್ಲಿ ಹುಡುಕಿದೆ, ಯಾರೋ ಹೇಳಿದರೆಂದು ಮಳವಳ್ಳಿಯ ಸಂತೆಯಲ್ಲೂ ಹುಡುಕಿದೆ. ಸಿಗಲಿಲ್ಲ. ಇಂದಿಗೂ ಮಹಾಲಯದ ದಿನ ನಮ್ಮ ಹಿರಿಯರ ಎಲೆಗಳ ಪಕ್ಕದಲ್ಲಿ ಅವರಿಬ್ಬರಿಗೂ ಒಂದು ಎಲೆ ಹಾಕೋಣವೆನಿಸುತ್ತದೆ. ಎಲ್ಲಾದರೂ ಬದುಕಿದ್ದರೆ? ಕೈ ಹಿಂದಕ್ಕೆ ಬರುತ್ತದೆ. ಬದುಕಿದ್ದವಳನ್ನು ಒಮ್ಮೆ ಸಾಯಿಸಿದ್ದು ಸಾಕು.