ಮೂಗಿನ ತನಕ ಬಂದ ವರ

ಮೊನ್ನೆ ಭಾನುವಾರ ಸಂಜೆ ಭೀಮನಬೀಡಿನಿಂದ ನನ್ನ ಅಣ್ಣನ ಮಗಳು ಬಂದಿದ್ದಳು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಫೋನು. ಫೋನಿನೊಳಗೆ ಗಂಡು ನೋಡುತ್ತಿದ್ದಾಳೆ. ನೋಡುವುದು ಅಂದರೆ ನೀವು ತಿಳಿದ ಹಾಗಲ್ಲ. ಹೆಬ್ಬೆರಳಿನಿಂದ ಒಂದು ಸಲ ತಳ್ಳಿದರೆ ಒಬ್ಬ ಎಂಜಿನಿಯರು ಹೋದ, ಇನ್ನೊಂದು ಸಲ ತಳ್ಳಿದರೆ ಒಬ್ಬ ಲೆಕ್ಚರರು ಹೋದ. ಅವರೆಕಾಯಿ ಸುಲಿಯುವಾಗ ಹುಳುಕು ಕಾಳನ್ನು ಪಕ್ಕಕ್ಕೆ ಹಾಕುವಷ್ಟು ಹೊತ್ತೂ ಅವಳಿಗೆ ಬೇಡ. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಜಿಲ್ಲೆ ಖಾಲಿಯಾಗಿತ್ತು.

ಹೀಗೆ ತಳ್ಳುತ್ತಿದ್ದವಳ ಬೆರಳು ಒಂದು ಕಡೆ ನಿಂತಿತು. ನಮ್ಮ ನಡುಮನೆಯಲ್ಲಿ ಸಿಗ್ನಲ್ ಕೊಂಚ ಕಮ್ಮಿ. ಫೋಟೋ ಅರ್ಧ ಬಂದು ನಿಂತುಬಿಟ್ಟಿತ್ತು. ಕೂದಲು, ಹಣೆ, ಕಣ್ಣು, ಮೂಗು, ಅದರ ಕೆಳಗೆ ಬರೀ ಬೂದಿ ಬಣ್ಣ.

"ಥೂ, ಈ ನೆಟ್‌ವರ್ಕ್ ಒಂದು" ಎಂದು ಅವಳು ಅದನ್ನೂ ತಳ್ಳಲು ಹೋದಳು. ನಾನು ಕೈ ಹಿಡಿದುಕೊಂಡೆ.

"ಇರಮ್ಮಿ ವಸಿ. ತಳ್ಬ್ಯಾಡ."

"ಯಾಕತ್ತೆ, ಪರಿಚಯದೋರಾ?"

ಪರಿಚಯವೇ. ಆ ಹುಡುಗನದಲ್ಲ, ಮೂಗಿಗೆ ಬಂದು ನಿಂತ ಆ ಮುಖದ್ದು. ನಿಮಗೂ ಹೇಳಿಬಿಡುತ್ತೇನೆ, ಕಾಫಿ ಆರುವ ಮೊದಲು ಮುಗಿಯುತ್ತದೆ ಎಂದು ಮಾತ್ರ ಭರವಸೆ ಕೊಡಲಾರೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಚಾಮರಾಜನಗರದಲ್ಲಿ ಡಿಗ್ರಿ ಮುಗಿಸಿ ಊರಿಗೆ ಬಂದು ನಾನು ಮದುವೆಗೆ ಕೂತಿದ್ದೆ. ಕೂತಿದ್ದೆ ಅನ್ನುವುದು ಅಕ್ಷರಶಃ ನಿಜ. ಜಮಖಾನದ ಮೇಲೆ ತಲೆ ತಗ್ಗಿಸಿ ನಾಲ್ಕು ಸಲ ಕೂತೆ. ಪಕ್ಕದಲ್ಲಿ ಅಪ್ಪನ ಅಕ್ಕ, ಅಂದರೆ ನನ್ನ ಪುಟ್ಟತಾಯಿ ಅತ್ತೆ, ಕಾವಲಿಗೆ. ಮುಖ ಒಂದು ಬೆರಳು ಮೇಲೆದ್ದರೂ "ತಲೆ ತಗ್ಸಮ್ಮಿ" ಎಂದು ಸೊಂಟ ಚಿವುಟುವರು. ಹಾಗಾಗಿ ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ನಾನು ಕಂಡದ್ದು ಕಾಲುಬೆರಳು ಮಾತ್ರ. ಒಬ್ಬನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಇಣುಕಿ ನನ್ನನ್ನೇ ನೋಡುತ್ತಿತ್ತು. ಇನ್ನೊಬ್ಬ ಉಪ್ಪಿಟ್ಟು ಮುಗಿಯುವ ತನಕ ಪಾದ ಕುಣಿಸಿದ. ಮತ್ತೊಬ್ಬನ ಉಗುರು ಎಷ್ಟು ಉದ್ದವಿತ್ತೆಂದರೆ, ಅವರ ಕಡೆಯವರೇ ಒಲ್ಲೆ ಎಂದಾಗ ನಾನು ದೇವರಿಗೆ ಕಾಯಿ ಒಡೆಸಿದೆ.

ಅದೇ ದಿನಗಳಲ್ಲಿ ಕಾಲೇಜಿನ ಗೆಳತಿಯೊಬ್ಬಳು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಮದುವೆಯಾಗಿ ವರ್ಷವಾಗಿತ್ತು. "ಎಂಗವರೇ ನಿಮ್ ಯಜಮಾನ್ರು?" ಅಂದೆ. "ಎಲ್ಲಾ ಚೆನ್ನಾಗದೆ ಕಣೆ. ಮೊಕದಲ್ಲಿ ನಗು ಅನ್ನದೊಂದು ಇಲ್ಲ" ಅಂದಳು. ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ, ಮನೆಗೆ ನಲ್ಲಿ ಇಲ್ಲ ಅನ್ನುವ ಹಾಗೆ ಹೇಳಿದಳು. ನನಗೆ ಹೆದರಿಕೆಯಾಯಿತು. ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತು, ಇನ್ನು ಮುಂದೆ ಮುಖ ನೋಡದೆ ಯಾರಿಗೂ ಒಪ್ಪುವುದಿಲ್ಲ ಎಂದುಬಿಟ್ಟೆ. ಅಪ್ಪ ಈರುಳ್ಳಿ ಮೂಟೆ ಹೊಲಿಯುತ್ತಿದ್ದವರು ದಬ್ಬಳ ಕೆಳಗಿಟ್ಟರು. "ಆಯ್ತು ಬುಡು, ನೋಡೇ ಒಪ್ಕೊ" ಎಂದರು. ಅತ್ತೆ ಮಾತ್ರ ಆ ದಿನ ಊಟ ಬಿಟ್ಟರು. ರಾತ್ರಿ ಎದ್ದು ಮುದ್ದೆ ಉಂಡದ್ದು ಬೇರೆ ಮಾತು.

ಐದನೆಯ ಸಂಬಂಧ ಬಂದದ್ದು ಆಗ. ಹುಡುಗ ಗುಜರಾತಿನ ಟೈಲ್ಸ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಅವನಿಗೆ ರಜೆ ಸಿಗದ್ದರಿಂದ, ಚಾಮರಾಜನಗರದಲ್ಲಿದ್ದ ಅವನ ಅಣ್ಣನೇ ಹೆಣ್ಣು ನೋಡಲು ಬಂದ. ನಾನು ಸ್ಟುಡಿಯೋದಲ್ಲಿ ತೆಗೆಸಿಕೊಂಡಿದ್ದ ಫೋಟೋವನ್ನು ಮೊದಲೇ ತರಿಸಿಕೊಂಡು ತಮ್ಮನಿಗೆ ಅಂಚೆಗೆ ಹಾಕಿಯೂ ಇದ್ದ. ಅಣ್ಣನ ಕಾಲುಬೆರಳು ಶುಚಿಯಾಗಿದ್ದವು. ಆದರೆ ಬೆರಳು ವಂಶದಲ್ಲಿ ಬರುತ್ತದೆ ಎಂದು ನಂಬಿ ಮದುವೆಯಾಗಲಿಕ್ಕೆ ಆಗುತ್ತದೆಯೇ? ಹುಡುಗನ ಫೋಟೋ ಕೇಳಿದರೆ, ಮನೆಯಲ್ಲಿರುವುದು ಹತ್ತನೇ ಕ್ಲಾಸಿನ ಗುಂಪು ಫೋಟೋ, ಹಿಂದಿನ ಸಾಲು, ಮುಂದೆ ನಿಂತವನದು ದಪ್ಪ ತಲೆ ಎಂದ. ಅಂಚೆಯಲ್ಲಿ ತರಿಸೋಣ ಅಂದರೆ ಅಷ್ಟರಲ್ಲಿ ಆಷಾಢ. ಆಷಾಢದಲ್ಲಿ ಮದುವೆ ಮಾತು ಎತ್ತುವ ಹಾಗಿಲ್ಲ, ಅದು ಕಳೆಯುವ ತನಕ ಅವರು ಕಾಯುವ ಹಾಗೂ ಇಲ್ಲ. ಬೇರೆ ಕಡೆಯೂ ಹೆಣ್ಣು ನೋಡಿಟ್ಟಿದ್ದರು. ಕೊನೆಗೆ ಅವನೇ ದಾರಿ ಹೇಳಿದ. "ತಮ್ಮನ ಆಫೀಸ್ನಲ್ಲಿ ಕಂಪ್ಯೂಟರ್ ಅದೆ. ಇಂಟರ್‌ನೆಟ್ಟಲ್ಲಿ ಫೋಟ ಕಳಿಸ್ತನೆ. ಶುಕ್ರವಾರ ನೋಡಿ, ಶನಿವಾರದೊಳಗೆ ಒಂದು ಮಾತು ಹೇಳ್ಬುಡಿ."

ಇಂಟರ್‌ನೆಟ್ಟು ಆಗ ನಮ್ಮ ಕಡೆ ಹೆಸರು ಕೇಳಿದ್ದ ಪದಾರ್ಥ. ಕಂಡವರು ಕಡಿಮೆ, ಹೇಳುವವರು ಜಾಸ್ತಿ. ಎಸ್ಸೆಸ್ಸೆಲ್ಸಿ ರಿಸಲ್ಟು ಅದರಲ್ಲಿ ಮೊದಲೇ ಬರುತ್ತದಂತೆ, ಅಮೆರಿಕದ ಅಂಗಡಿಯಲ್ಲಿ ಕೂತಲ್ಲಿಂದಲೇ ಸೀರೆ ಕೊಳ್ಳಬಹುದಂತೆ, ಹೀಗೆ. ಅಮೆರಿಕದ ಅಂಗಡಿಯಲ್ಲಿ ಸೀರೆ ಯಾಕಿರುತ್ತದೆ ಎಂದು ಯಾರೂ ಕೇಳಲಿಲ್ಲ. ಗುಂಡ್ಲುಪೇಟೆಯಲ್ಲಿ ಅದು ಇದ್ದದ್ದು ಮಹದೇವಸ್ವಾಮಿಯ ಎಸ್‌ಟಿಡಿ ಬೂತಿನ ಮಹಡಿಯಲ್ಲಿ, ಈರುಳ್ಳಿ ಮಂಡಿಗಳ ಸಾಲಿನಲ್ಲಿ. ಕೆಳಗೆ ಫೋನು, ಮೇಲೆ ಕಂಪ್ಯೂಟರು, ಎರಡಕ್ಕೂ ಸೇರಿ ಒಂದೇ ಲೈನು. ಮೇಲಿನವರು ಮೈಸೂರಿಗೆ ಡಯಲ್ ಮಾಡಿ ಇಂಟರ್‌ನೆಟ್ ಹಿಡಿದಾಗ ಕೆಳಗಿನವರು ಫೋನ್ ಎತ್ತಬಾರದು. ಎತ್ತಿದರೆ ಮೇಲಿನದು ಕಡಿದುಹೋಗುತ್ತದೆ. ಈ ಕಟ್ಟುಪಾಡನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಬಾಳು ನಿಂತದ್ದು ಇದರ ಮೇಲೆ.

ಶುಕ್ರವಾರ ಬೆಳಿಗ್ಗೆ ಅತ್ತೆ ನನಗೆ ರೇಷ್ಮೆ ಸೀರೆ ಉಡಿಸಿದರು, ಹೂ ಮುಡಿಸಿದರು. ಒಂದು ಡಬ್ಬಿ ಉಪ್ಪಿಟ್ಟು, ಒಂದು ಡಬ್ಬಿ ಕೇಸರಿಬಾತು, ಎಲೆ ಅಡಿಕೆ, ತೆಂಗಿನಕಾಯಿ ಬ್ಯಾಗಿಗೆ ಹಾಕಿಕೊಂಡರು.

"ಅಕ್ಕ, ಬರದು ಗಂಡಲ್ಲ, ಫೋಟ" ಎಂದರು ಅಪ್ಪ.

"ಮೊಕ ಬಂದ್ರೆ ಗಂಡು ಬಂದಂಗೇ ಕಣ್ಲಾ. ಬರಿಗೈಲಿ ಕೂತಿರಕ್ಕಾದದಾ?"

ಸಿಂಗಾರ ಮುಗಿದು, ಬಸ್ಸು ಸಿಕ್ಕಿ, ಮಹಡಿ ಹತ್ತುವ ಹೊತ್ತಿಗೆ ಹತ್ತೂವರೆ. ಮಹದೇವಸ್ವಾಮಿ ಚಪ್ಪಲಿ ಹೊರಗೆ ಬಿಡಿಸಿ, ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆ ತೆಗೆದು, ಇನ್ನೇನು ಡಯಲ್ ಮಾಡಬೇಕು, ಅತ್ತೆ ಅಡ್ಡ ಕೈ ಹಿಡಿದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ.

"ಅಕ್ಕ, ಲೈನು ಈಗ ಖಾಲಿ ಅದೆ. ಹನ್ನೆರಡ್ರ ಮೇಲೆ ಮಂಡಿಯೋರು ಕೇರಳಕ್ಕೆ ಫೋನ್ ಮಾಡಕ್ಕೆ ಬತ್ತಾರೆ" ಎಂದ ಮಹದೇವಸ್ವಾಮಿ.

"ಬರ್ಲಿ. ನಮ್ ಮಗೀನ ಮೊದ್ಲನೇ ನೋಟ ರಾಹುಕಾಲದಲ್ಲಿ ಆಗ್ಬಾರ್ದು."

ಕೂತೆವು. ಖಾಲಿ ಪರದೆಯ ಮುಂದೆ ರೇಷ್ಮೆ ಸೀರೆ ಉಟ್ಟು ಒಂದೂವರೆ ಗಂಟೆ ಕೂತು ನೋಡಿ, ನಿಮಗೆ ಗೊತ್ತಾಗುತ್ತದೆ. ಹನ್ನೆರಡು ಹೊಡೆದ ಕೂಡಲೇ ಅತ್ತೆ ಕಂಪ್ಯೂಟರ್ ಪೆಟ್ಟಿಗೆಗೆ ಕುಂಕುಮವಿಟ್ಟರು. ಮಹದೇವಸ್ವಾಮಿ ಡಯಲ್ ಮಾಡಿದ. ಮೊದಲು ಗುಂಯ್ ಎಂದಿತು, ಆಮೇಲೆ ಹಸಿ ಸೊಪ್ಪು ಒಗ್ಗರಣೆಗೆ ಬಿದ್ದ ಹಾಗೆ ಚೊರ್ ಎಂದಿತು. ಪರದೆ ಬೆಳಗಿತು. ಬೆಳಗಿದ್ದೇ ತಡ, ಸೊಂಟಕ್ಕೆ ಚಿವುಟಿದ್ದು ತಿಳಿಯಿತು.

"ತಲೆ ತಗ್ಸಮ್ಮಿ."

"ಅತ್ತೆ, ಅವ್ರಿಗೆ ನಾವು ಕಾಣಕಿಲ್ಲ."

"ನಿಂಗೇನ್ ಗೊತ್ತು? ಅಷ್ಟು ದೂರದಿಂದ ಬರದು ಒಂದೇ ಕಡೆಯಿಂದ ಬಂದದಾ?"

ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿಯೂಬಿಟ್ಟೆ, ನೋಡಿ. ಕೆಳಗೆ ಕಂಡದ್ದು ಕೀಬೋರ್ಡು. ಅದಕ್ಕೆ ಕಾಲುಬೆರಳು ಇರಲಿಲ್ಲ. ಆಗ ಎಲ್ಲಿತ್ತೋ ರೋಷ, ಮುಖ ನೋಡಲೆಂದೇ ಬಂದವಳು ನಾನು ಎಂದು ಕತ್ತೆತ್ತಿ ಪರದೆಯನ್ನೇ ದಿಟ್ಟಿಸಿದೆ.

ಹುಡುಗ ಮೇಲಿನಿಂದ ಬರುತ್ತಿದ್ದ. ಮೊದಲು ಕೂದಲು ಬಂತು, ಎಡಕ್ಕೆ ಬೈತಲೆ. "ಕೂದ್ಲು ದಟ್ಟವಾಗದೆ" ಎಂದರು ಅಪ್ಪ. ಒಂದೊಂದೇ ಗೆರೆಯಾಗಿ ಹಣೆ ಇಳಿಯಿತು. ಹುಬ್ಬು ಬಂತು. ಕಣ್ಣು ಬಂತು, ಬಿಸಿಲಿಗೆ ಕೊಂಚ ಕಿರಿದು ಮಾಡಿಕೊಂಡ ಕಣ್ಣು. ಮೂಗು ಬಂತು. ನಾನು ತುಟಿಗೆ ಕಾಯುತ್ತಿದ್ದೆ. ಇಲ್ಲಿಯ ತನಕ ಗಂಡುಗಳ ಕಾಲುಬೆರಳು ಕಂಡಿದ್ದೆ, ಈಗ ತಲೆಯಿಂದ ಮೂಗಿನ ತನಕ. ಉಳಿದಿದ್ದು ಬಾಯಿ ಒಂದು. ಅಷ್ಟರಲ್ಲಿ ಕೆಳಗಿನಿಂದ "ಹಲೋ, ಕೋಳಿಕ್ಕೋಡಾ?" ಎಂದು ದೊಡ್ಡ ದನಿ ಕೇಳಿತು. ಮೂಗು ಅಲ್ಲೇ ನಿಂತಿತು.

ಮಹದೇವಸ್ವಾಮಿ ಮೆಟ್ಟಿಲ ತುದಿಗೆ ಓಡಿ, "ಯಾರ್ಲಾ ಅದು ಫೋನ್ ಎತ್ತಿದ್ದು? ಮೇಲೆ ಗಂಡು ಬತ್ತಾವ್ನೆ, ಮಡಗ್ಲಾ" ಎಂದು ಕೂಗಿದ. ಅವನು ಹಾಗೆ ಕೂಗಬಾರದಿತ್ತು. ಗಂಡು ಬರುತ್ತಿದ್ದಾನೆ ಎಂದು ಕೇಳಿದ ಮಂಡಿಯವರು ಒಬ್ಬೊಬ್ಬರೇ ಮೇಲಕ್ಕೆ ಬಂದರು. ಲೋಡಿಗೆ ಕಾಯುತ್ತಿದ್ದ ಕೇರಳದ ಲಾರಿ ಡ್ರೈವರೊಬ್ಬನೂ ಬಂದ. ಅತ್ತೆ ಮರ್ಯಾದೆಗೆ ಎಲ್ಲರಿಗೂ ಉಪ್ಪಿಟ್ಟು ಹಂಚಿದರು. ಮತ್ತೆ ಡಯಲ್ ಮಾಡಿದ್ದಾಯಿತು. ಮತ್ತೆ ಕೂದಲಿನಿಂದ ಶುರು. ಮತ್ತೆ ಕಣ್ಣು, ಮತ್ತೆ ಮೂಗು, ಮತ್ತೆ ಕೆಳಗೆ ಯಾರೋ ಹೊಸಬ ಫೋನ್ ಎತ್ತಿದ. ಮೂಗಿನ ಕೆಳಗೆ ಕಪ್ಪಗೆ ಒಂದು ಎಳೆ ಕಂಡ ಹಾಗಿತ್ತು. ಅದು ಮೀಸೆ ಎಂದು ಒಬ್ಬರು, ನೆರಳು ಎಂದು ಇನ್ನೊಬ್ಬರು. ಲಾರಿ ಡ್ರೈವರು ಕೇಸರಿಬಾತು ತಿನ್ನುತ್ತಾ ತಲೆ ವಾಲಿಸಿ ನೋಡಿ, "ಮೂಕ್ಕು ಕೊಳ್ಳಾಂ" ಎಂದ. ಮೂಗು ಚೆನ್ನಾಗಿದೆ ಅಂತ. ಮೂರನೆಯ ಸಲ ಮೂಗಿಗೆ ಬಂದಾಗ ಯಾರೂ ಫೋನ್ ಎತ್ತಲಿಲ್ಲ, ಕರೆಂಟೇ ಹೋಯಿತು.

ಕರೆಂಟು ಬಂದದ್ದು ಮೂರು ಗಂಟೆಯ ಮೇಲೆ. ಮಂಡಿಯವರೆಲ್ಲ ಇಳಿದು ಹೋಗಿದ್ದರು, ಡಬ್ಬಿಗಳು ಖಾಲಿ. ಇನ್ನು ಫೋಟೋ ಆಗುವುದಿಲ್ಲ, ಬೇಕಾದರೆ ನಾಲ್ಕು ಅಕ್ಷರ ಕಳಿಸಬಹುದು ಎಂದ ಮಹದೇವಸ್ವಾಮಿ. ಅಪ್ಪ ನನ್ನ ಕಡೆ ತಿರುಗಿದರು.

"ನೋಡ್ದಷ್ಟು ನೋಡ್ದೆ. ಏನಂತೀಯವ್ವ? ಬ್ಯಾಡ ಅಂದ್ರೆ ಬ್ಯಾಡ."

ಅಲ್ಲಿಯ ತನಕ ಯಾವ ಗಂಡಿನ ವಿಷಯದಲ್ಲೂ ಅಪ್ಪ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳಿದ್ದಾರಲ್ಲ ಎಂದು ಸಂತೋಷ, ಉತ್ತರ ಗೊತ್ತಿಲ್ಲವಲ್ಲ ಎಂದು ಅಳು, ಎರಡೂ ಒಟ್ಟಿಗೆ ಬಂದವು. ಮೂಗಿನ ಮೇಲೆ ನಂಬಿಕೆಯಿಟ್ಟು ಹೂಂ ಅಂದರೆ ಗೆಳತಿಯ ಗತಿಯಾಗಬಹುದು. ಊಹೂಂ ಅಂದರೆ ಆ ಕಿರಿದಾದ ಕಣ್ಣನ್ನು ಇನ್ನು ಕಾಣುವುದಿಲ್ಲ. ನಿಜ ಹೇಳುತ್ತೇನೆ, ಮೂರು ಸಲ ಇಳಿದು ಬಂದದ್ದರಲ್ಲಿ ಆ ಕಣ್ಣು ನನಗೆ ಹಿಡಿಸಿಬಿಟ್ಟಿತ್ತು.

"ಒಂದು ಮಾತು ಕೇಳ್ಬೇಕು" ಎಂದೆ.

"ಸಂಬಳ ಎಷ್ಟು ಅಂತ ಕೇಳು" ಎಂದರು ಅತ್ತೆ.

"ನಗ್ತೀರಾ ಅಂತ ಕೇಳಿ."

ಅತ್ತೆ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಮಹದೇವಸ್ವಾಮಿ ಅಪ್ಪನ ಮುಖ ನೋಡಿದ. ಅಪ್ಪ ತಲೆ ಆಡಿಸಿದರು. ಅವನು ಎರಡು ಬೆರಳಿನಲ್ಲಿ ಹುಡುಕಿ ಹುಡುಕಿ ಆ ಒಂದು ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸಿದ. "ಎಂಗೂ ಲೈನ್ ಹಿಡ್ದಿದ್ದೀಯ, ಕೇರಳದಲ್ಲಿ ಈರುಳ್ಳಿ ರೇಟು ಏನದೆ ನೋಡ್ಲಾ" ಎಂದರು ಅಪ್ಪ. ಅದು ಅಷ್ಟೆಲ್ಲ ಹೇಳುವುದಿಲ್ಲ ಎಂದು ತಿಳಿದಾಗ ಇಂಟರ್‌ನೆಟ್ಟಿನ ಮೇಲೆ ಅವರಿಗಿದ್ದ ಗೌರವ ಅಲ್ಲಿಗೇ ಇಳಿಯಿತು.

ಆ ರಾತ್ರಿ ನಾನು ಮಲಗಿದ್ದೆ ಅಷ್ಟೆ, ನಿದ್ದೆ ಬರಲಿಲ್ಲ. ಕೇಳಬಾರದ್ದು ಕೇಳಿ ಸಂಬಂಧ ಕೆಡಿಸಿದೆ ಎಂದು ಅತ್ತೆ ಗೊಣಗುತ್ತಲೇ ಇದ್ದರು. ಶನಿವಾರ ರಾಹುಕಾಲ ಕಳೆದ ಮೇಲೆ ಅವರೇ ನನ್ನನ್ನು ಕರೆದುಕೊಂಡು ಹೊರಟರು. ಈ ಸಲ ರೇಷ್ಮೆ ಸೀರೆಯೂ ಇಲ್ಲ, ಉಪ್ಪಿಟ್ಟೂ ಇಲ್ಲ. ಉತ್ತರ ಬಂದಿತ್ತು. ಮಹದೇವಸ್ವಾಮಿ ಇಂಗ್ಲಿಷ್ ಅಕ್ಷರದ ಕನ್ನಡವನ್ನು ತಡವರಿಸುತ್ತಾ ಓದಿದ.

"ನಗ್ತೀನಿ. ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ಅದಕ್ಕೇ ಫೋಟೋದಲ್ಲಿ ಬಾಯಿ ಮುಚ್ಕೊಂಡಿದೀನಿ, ನೋಡಿರ್ತೀರಿ. ಅಣ್ಣ ಕಳಿಸಿದ ನಿಮ್ಮ ಫೋಟೋ ನಂಗೂ ಬಂತು. ಅದರಲ್ಲಿ ಬೈತಲೆ ಬಿಟ್ರೆ ಏನೂ ಕಾಣಲ್ಲ. ನಾನೂ ಒಂದು ಮಾತು ಕೇಳ್ಲಾ? ನೀವು ತಲೆ ಎತ್ತುತೀರಾ?"

ನಾನು ಅತ್ತೆಯನ್ನು ನೋಡಿದೆ. ಸ್ಟುಡಿಯೋದಲ್ಲೂ ಚಿವುಟಿದವರು ಅವರೇ ತಾನೆ. ಅತ್ತೆ ಕಣ್ಣು ಒರೆಸಿಕೊಂಡು ಮಹದೇವಸ್ವಾಮಿಗೆ ಹೇಳಿದರು. "ಎತ್ತುತಾಳೆ ಅಂತ ಬರ್ದಾಕಪ್ಪ."

ಶ್ರಾವಣದಲ್ಲಿ ನಿಶ್ಚಿತಾರ್ಥಕ್ಕೆ ಅವರು ಬಂದರು. ನಾನು ತಲೆ ಎತ್ತಿ ನೋಡಿದೆ. ಅವರು ನಕ್ಕರು. ಹಲ್ಲು ಬರೆದಂತೆಯೇ ಹತ್ತಿ ಕೂತಿತ್ತು. ಅತ್ತೆಯ ಕೈ ಅಭ್ಯಾಸಬಲದಿಂದ ನನ್ನ ಸೊಂಟದ ತನಕ ಬಂದು, ಅಲ್ಲಿ ಸೀರೆಯ ನೆರಿಗೆ ಸರಿಮಾಡಿ ಹಿಂದಕ್ಕೆ ಹೋಯಿತು.

ಇಷ್ಟು ಹೇಳಿ ಮುಗಿಸುವಾಗ ಅಣ್ಣನ ಮಗಳ ಕಾಫಿ ತಣ್ಣಗಾಗಿತ್ತು. ಅವಳು ಫೋನಿನಲ್ಲಿ ಏನೋ ಒತ್ತಿ, ಆ ಅರ್ಧ ಮುಖದ ಹುಡುಗನಿಗೆ "ನಗ್ತೀರಾ?" ಎಂದು ಬರೆದು ನನಗೆ ತೋರಿಸಿದಳು.

"ಕಳಿಸ್ಲಾ ಅತ್ತೆ?"

ನನ್ನ ಬಾಯಿಂದ ಬಂದ ಮಾತನ್ನು ನಾನೇ ನಂಬಲಿಲ್ಲ. "ತಡ್ಯಮ್ಮಿ. ಭಾನುವಾರ ಆರು ಗಂಟೆ ತನಕ ರಾಹುಕಾಲ."

ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ನಮ್ಮ ಮನೆಯವರು ಗಟ್ಟಿಯಾಗಿ ನಕ್ಕರು. "ನಿಮ್ಮತ್ತೆ ಅಲ್ಲ ಕಣಮ್ಮಿ ಈಗ ಮಾತಾಡಿದ್ದು, ಅವ್ರತ್ತೆ" ಎಂದರು. ಆ ಹಲ್ಲು ಈಗಲೂ ಅಲ್ಲೇ ಇದೆ, ಅದರ ನೆರೆಹೊರೆಯಲ್ಲಿ ಒಂದಿಬ್ಬರು ಜಾಗ ಖಾಲಿ ಮಾಡಿದ್ದಾರೆ.

ಆರಾಗುತ್ತಲೇ ಅವಳು ಕಳಿಸಿದಳು. ಅಷ್ಟರಲ್ಲಿ ಸಿಗ್ನಲ್ ಬಂದು ಫೋಟೋ ಮೂಗಿನಿಂದ ಕೆಳಗೆ ಇಳಿಯತೊಡಗಿತು. ಪೂರ್ತಿ ಬಂತಲ್ಲ ಎಂದು ನಾನು ಆಸೆಯಿಂದ ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಅವಳು ಅಂಗೈಯಿಂದ ಅದನ್ನು ಮುಚ್ಚಿಕೊಂಡಳು.

"ಇರತ್ತೆ ವಸಿ" ಎಂದಳು. "ಅವ್ರು ಏನಂತಾರೋ ಮೊದ್ಲು ಹೇಳ್ಲಿ."